ಕಫೀಲನ ವಿರುದ್ಧ ಕಾಕನ ಸಾಕ್ಷಿ

ಮೊನ್ನೆ ರುಮೈಥಿಯಾದಲ್ಲಿ ಅಂಗಡಿಯೊಂದರ ಮುಂದೆ ಬಿಸಿ ಖುಬ್ಸ್ ರೊಟ್ಟಿಯ ವಾಸನೆ ಮೂಗಿಗೆ ಬಡಿಯಿತು. ನಿಂತುಬಿಟ್ಟೆ. "ಅಜ್ಜಿ, ವೈ ಆರ್ ಯು ಸ್ಟಾಪಿಂಗ್?" ಎಂದು ಮೊಮ್ಮಗಳು ಕೈ ಎಳೆದಳು. ಅವಳಿಗೇನು ಹೇಳಲಿ? ನಾನು ಮದುವೆಯಾಗಿ ಈ ಅರಬ್ ದೇಶದ ರಿಗ್ಗೈಗೆ ಬಂದ ಹೊಸತರಲ್ಲಿ ನೆರೆಮನೆಯಲ್ಲಿದ್ದ ಬ್ಯಾರಿ ಕಾಕ ನೆನಪಾಗಿದ್ದರು…

ಕಾಕ ಸಬ್ಹಾನ್ ಎಂಬಲ್ಲಿನ ರೊಟ್ಟಿ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ದುಡಿಯುವವರು. ನಾನು ಬರುವುದಕ್ಕೆ ಮುಂಚೆ ಇರಾಕಿನ ಸೈನ್ಯ ನುಗ್ಗಿದಾಗ ನಮ್ಮೂರಿನವರೆಲ್ಲ ಸಿಕ್ಕ ಬಸ್ಸು ಹತ್ತಿ ಪಾರಾದರು. ಆ ಕಾರ್ಖಾನೆಯ ಯಜಮಾನ ಮಾತ್ರ ಕೆಲಸದವರನ್ನು ಒಳಗೆ ಕೂಡಿಹಾಕಿ, ಗೇಟಿಗೆ ಬೀಗ ಜಡಿದು, ಸೈನಿಕರಿಗಾಗಿ ರೊಟ್ಟಿ ಸುಡಿಸಿದ. ಸಂಬಳವಿಲ್ಲ, ಊರಿಗೆ ಹೋಗುವಂತಿಲ್ಲ. ಎಲ್ಲ ನಿಮ್ಮನ್ನು ಕಾಪಾಡುವುದಕ್ಕೇ ಎಂದನಂತೆ. ಹೊರಗೆ ಗುಂಡು ಹಾರುತ್ತಿದ್ದದ್ದೂ ಸುಳ್ಳಲ್ಲ.

ಯುದ್ಧ ಮುಗಿದ ಮೇಲೆ ಅವನ ಮೇಲೆ ಕೇಸು ಬಿತ್ತು. ಉಳಿದವರು ಊರು ಸೇರಿದ್ದರಿಂದ ಸಾಕ್ಷಿಗೆ ಇದ್ದವರು ಕಾಕ ಒಬ್ಬರೇ. ತಮಾಷೆ ನೋಡಿ, ಆರೋಪಿಯೇ ಅವರ ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾದ ಧಣಿ! ಅವನು ಸಹಿ ಹಾಕದಿದ್ದರೆ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲ, ಇಕಾಮಾ ಇಲ್ಲದಿದ್ದರೆ ಈ ದೇಶದಲ್ಲಿ ಇರುವಂತಿಲ್ಲ. ಊರಿನಲ್ಲಿ ಇಡೀ ಸಂಸಾರ ಕಾಕನ ದುಡಿಮೆಯನ್ನೇ ನಂಬಿತ್ತು. "ಉಂಡ ಮನೆಯ ಜಂತೆ ಎಣಿಸ್ಬಾರ್ದು ಕಾಕ, ಸುಮ್ಮನಿರಿ" ಎಂದು ನನ್ನ ಗಂಡ ಬುದ್ಧಿ ಹೇಳಿದರು.

ಕಾಕ ಕೇಳಲಿಲ್ಲ. ಕೊನೆಗೆ ನನ್ನ ಗಂಡನೇ ಅವರನ್ನು ಕೋರ್ಟಿಗೆ ಕರೆದೊಯ್ದರು. ಅಲ್ಲಿ ಹೇಳಿದ್ದನ್ನು ಕಾಕ ಸಂಜೆ ನನಗೂ ಹೇಳಿದರು: "ಸೈನಿಕರು ಇರುವಾಗ ಬೀಗ ಹಾಕಿದ್ದು ನಮ್ಮ ಜೀವ ಉಳಿಸ್ಲಿಕ್ಕೆ ಅಂತಲೇ ಇಟ್ಕೊಳ್ಳುವ. ಅವರು ಓಡಿಹೋದ ಮೇಲೆ ಯಾಕೆ ತೆಗ್ದಿಲ್ಲ?"

ಕೇಸು ಮುಂದಕ್ಕೆ ಹೋಗಿ ಹೋಗಿ ಖಲಾಸ್ ಆಯಿತು. ಯಜಮಾನನಿಗೆ ಶಿಕ್ಷೆಯಾಗಲಿಲ್ಲ. ಕಾಕ ಗಂಟುಮೂಟೆ ಕಟ್ಟಿ ಕುಳಿತರು. ನೋಡಿದರೆ, ಯಜಮಾನನೇ ಸಹಿ ಹಾಕಿದ ಹೊಸ ಇಕಾಮಾ ಬಂತು! ಪಶ್ಚಾತ್ತಾಪವೋ, ಭಯವೋ, ಇಂಥ ಭಟ್ಟಿಗಾರ ಮತ್ತೆ ಸಿಗುವುದಿಲ್ಲ ಎಂಬ ಲೆಕ್ಕಾಚಾರವೋ… ಕಾಕನೂ ಏನೂ ಆಗದವರಂತೆ ಅದೇ ಗೇಟಿನೊಳಗೆ ಕೆಲಸಕ್ಕೆ ಹೋದರು. ಎಷ್ಟೋ ವರ್ಷಗಳ ಮೇಲೆ ಆ ಯಜಮಾನ ತೀರಿಕೊಂಡಾಗ ನಮ್ಮ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತರು.

ನನಗೆ ಸಿಟ್ಟು ಬಂತು. "ಏನು ಕಾಕ ಇದು? ಅವನಿಗಾಗಿ ಅಳುವುದಾ?"

"ಅವನಿಗಾ ಅಳುವುದು, ಗೊತ್ತಿಲ್ಲ ಮಗಾ… ಒಂದು ಸಲ ಬಂದು ತಪ್ಪಾಯ್ತು ಅಂತ ಹೇಳ್ತಾನೆ ಅಂತ ಕಾಯ್ತಿದ್ದೆ. ಇನ್ನು ಯಾರು ಹೇಳ್ಬೇಕು?"

ನಾನು ಚಹಾ ಮಾಡಿಕೊಟ್ಟೆ.

ಈಗ ಕಾಕನೂ ಇಲ್ಲ. ಊರಿಗೆ ಹೋದ ಮರುವರ್ಷವೇ ತೀರಿಕೊಂಡರು. ಆ ಯಜಮಾನ ಕೆಟ್ಟವನೋ ಅಲ್ಲವೋ, ಕಾಕ ಅಲ್ಲಿಯೇ ಉಳಿದದ್ದು ಸರಿಯೋ ತಪ್ಪೋ, ಈ ವಯಸ್ಸಿನಲ್ಲೂ ನನಗೆ ಬಗೆಹರಿದಿಲ್ಲ. ಅವರನ್ನು ನೆನೆದರೆ ಸಂಕಟವಾಗುತ್ತದೆ. ಯಾರ ಮೇಲೆ ಸಿಟ್ಟಾಗಬೇಕೆಂದು ಮಾತ್ರ ತಿಳಿಯುವುದಿಲ್ಲ.