ಯಾರೂ ಬರದ ದಿನದ ಜಮಖಾನ

ನಮ್ಮ ಪಡಸಾಲೆಯಲ್ಲಿ ಜಮಖಾನ ಹಾಸಿದ್ದನ್ನು ಕಂಡದ್ದೇ ತಡ, ನನ್ನ ನಾದಿನಿ ಗಿರಿಜಾ ಮುಖ ತೊಳೆಯಲು ಓಡಿದಳು!

ಮಸ್ಕಿಯ ಶಾಲೆಯಲ್ಲಿ ಟೀಚರ್ ಅವಳು. ಸಂಜೆ ಬಸ್ಸಿಳಿದು, ಸಿಂಧನೂರಿನ ಅರ್ಧ ಧೂಳನ್ನು ಸೀರೆಯ ಅಂಚಿನಲ್ಲಿ ಹೊತ್ತುಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಸೀದಾ ಬಚ್ಚಲಿಗೆ ನಡೆದಳು. ಯಾಕೆ? ಹೇಳುತ್ತೇನೆ, ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋದ ವಾರ ಲಿಂಗಸುಗೂರಿಗೆ ಹೋಗಿದ್ದ ನಮ್ಮ ಯಜಮಾನರು ಹಳೇ ಪುಸ್ತಕದ ಗಾಡಿಯಿಂದ ಒಂದು ಇಂಗ್ಲಿಷ್ ಮ್ಯಾಗಜೀನ್ ತಂದಿದ್ದರು. (ಅವರು ತಂದದ್ದು ಕ್ರಿಕೆಟ್ ಪುಟಕ್ಕೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಪುಟ.) ಯಾವುದೋ ದೇಶದ ಯಾರದೋ ಮನೆಯ ಫೋಟೋ. ನೆಲದ ಮೇಲೆ ದೊಡ್ಡದೊಂದು ರಗ್ಗು. ಅದರ ಮೇಲೆ ಓರೆಯಾಗಿ ಇನ್ನೊಂದು. ಅದರ ಮೇಲೆ ಪುಟ್ಟದು ಮತ್ತೊಂದು. ಎಲ್ಲಕ್ಕಿಂತ ಮೇಲೆ, ಕಾಲು ಚಾಚಿ ಮಲಗಿದ ಬೆಕ್ಕು! ಅದರ ನೆಮ್ಮದಿ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ?

ಅಂದಿನಿಂದ ಅದೇ ಕನಸು. ರೊಟ್ಟಿ ಬಡಿಯುತ್ತಲೇ ಆ ಮನೆಯೊಳಗೆ ಅಡ್ಡಾಡಿ ಬರುತ್ತಿದ್ದೆ. ಬರಿಗಾಲು. ಮೆತ್ತಗಿನ ನೆಲ. ಹೆಜ್ಜೆಯ ಸದ್ದೇ ಇಲ್ಲ. ಕರೆಯುವವರಿಲ್ಲ, ಕೇಳುವವರಿಲ್ಲ. (ರೊಟ್ಟಿ ಸೀದು ಕರ್ರಗಾದಾಗ ಯಜಮಾನರು ಕರೆದರು, ಅದು ಬೇರೆ ಮಾತು.)

ನಮ್ಮದು ಫರಸಿಕಲ್ಲಿನ ನೆಲ. ರಗ್ಗು ಎಲ್ಲಿಂದ ತರಲಿ? ಆದರೆ ಟ್ರಂಕಿನಲ್ಲಿ ಅತ್ತೆಯ ಜಮಖಾನ ಇತ್ತಲ್ಲ! ಕೆಂಪು-ನೀಲಿ ಪಟ್ಟೆಯದು, ನುಸಿಗುಳಿಗೆಯ ವಾಸನೆಯದು. ಮಧ್ಯಾಹ್ನ ಅದನ್ನು ಹಾಸಿದೆ. ಅದರ ಮೇಲೆ ಓರೆಯಾಗಿ, ನನ್ನವ್ವ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ. ಅದರ ಮೇಲೆ, ಊರಾಚೆಯ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಗೆಳತಿ ಹೊಲಿದುಕೊಟ್ಟ ಪುಟ್ಟ ಹಾಸು. ಅದೂ ಹಳೇ ಸೀರೆಯದೇ, ಮೂಲೆಗೊಂದು ದಾರದ ಮೀನು. ದೂರ ನಿಂತು ನೋಡಿದೆ. ನಮ್ಮ ಮನೆಯೇ ಹೌದೋ ಅಲ್ಲವೋ ಅನ್ನುವಷ್ಟು ಚೆಂದವಾಗಿತ್ತು.

ನಿದ್ದೆಯಿಂದೆದ್ದು ಬಂದ ಅತ್ತೆ ಗಾಬರಿಯಾದರು.

“ಯಾರ್ ಬರಾಕತ್ತಾರ?”

“ಯಾರೂ ಇಲ್ರೀ ಅತ್ತಿ. ಸುಮ್ನ ಹಾಸೀನಿ, ಚಂದ ಕಾಣಲಿ ಅಂತ.”

“ಸುಮ್ನ? ಜಮಖಾನ ಯಾರಾರ ಸುಮ್ನ ಹಾಸ್ತಾರೇನ? ಅದರ ಮ್ಯಾಲ ಕೌದಿ! ಅದರ ಮ್ಯಾಲ ಮೀನ ಬ್ಯಾರೆ!”

“ದಾರದ ಮೀನ್ರೀ. ವಾಸನಿ ಬರಂಗಿಲ್ಲ.”

ಅತ್ತೆ ನಗಲಿಲ್ಲ. “ದೀಪ ಹಚ್ಚೂದ್ರಾಗ ಸುತ್ತಿಡು” ಅಂದು ಒಳಗೆ ಹೋದರು.

ಅವರದೂ ತಪ್ಪಿಲ್ಲ. ನಮ್ಮ ಕಡೆ ಜಮಖಾನ ಟ್ರಂಕಿನಿಂದ ಹೊರಬರಬೇಕಾದರೆ ಒಂದು ಕಾರಣ ಬೇಕು. ತೊಟ್ಟಿಲು, ಬಸುರಿಯ ಕುಬಸ, ಪಂಚಾಯ್ತಿ, ಇಲ್ಲವೇ ಹುಡುಗಿ ನೋಡುವ ಶಾಸ್ತ್ರ. ನಮ್ಮ ಮನೆಯಲ್ಲಿ ಇತ್ತೀಚೆಗೆ ಕೊನೆಯದೊಂದೇ ಕಾರಣ. ಗಂಡಿನ ಕಡೆಯವರು ಬರುವುದು, ಉಪ್ಪಿಟ್ಟು ತಿನ್ನುವುದು, “ತಿಳಸ್ತೀವಿ” ಅನ್ನುವುದು. ಜಮಖಾನ ಮತ್ತೆ ಟ್ರಂಕಿಗೆ, ಗಿರಿಜಾ ಮತ್ತೆ ಮಸ್ಕಿ ಬಸ್ಸಿಗೆ. ಎಷ್ಟು ಸಲ? ಎಣಿಸುವುದನ್ನೇ ಬಿಟ್ಟಿದ್ದೇವೆ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕನಸಿನಲ್ಲಿದ್ದೆನಲ್ಲ, ಹೊಳೆಯಲೇ ಇಲ್ಲ.

ಈಗ ಮತ್ತೆ ಪಡಸಾಲೆಗೆ ಬನ್ನಿ. ಗಿರಿಜಾ ಮುಖ ತೊಳೆದಳು. ಹಸಿರು ಸೀರೆ ಉಟ್ಟಳು. ಪೌಡರ್ ಹಚ್ಚಿಕೊಂಡು ಬಂದು, ಜಮಖಾನದ ಅಂಚಿನಲ್ಲಿ ಕಾಲು ಮಡಚಿ, ತಲೆ ತಗ್ಗಿಸಿ ಕೂತಳು. ಯಾರೂ ಇಲ್ಲದ ಪಡಸಾಲೆಯಲ್ಲಿ!

“ಎಷ್ಟ್ ಮಂದಿ ಬರಾಕತ್ತಾರ ವೈನಿ? ಮೊದ್ಲ ಹೇಳಿದ್ರ ಸಾಲಿಗಿ ರಜಾ ಹಾಕ್ತಿದ್ದೆ.”

ನಾನು ಅವಳೆದುರು ಕೂತೆ.

“ಯಾರೂ ಬರಂಗಿಲ್ಲವಾ. ನಮಗಂತ ಹಾಸೀನಿ.”

“ಖರೇನ?”

“ಖರೇನ.”

“ನಾಳೀಗೂ ಯಾರೂ ಇಲ್ಲ?”

“ಇಲ್ಲವಾ ತಾಯಿ!”

ಅವಳು ನನ್ನ ಮುಖ ನೋಡಿದಳು. ಜಮಖಾನ ನೋಡಿದಳು. ಮಡಚಿದ ಕಾಲನ್ನು ಮೆಲ್ಲಗೆ ಚಾಚಿದಳು. “ಇದರ ಮ್ಯಾಲ ನಾ ಒಮ್ಮೆನೂ ಕಾಲ್ ಚಾಚಿಲ್ಲ ನೋಡ್ರಿ ವೈನಿ” ಅಂದಳು. ಅಂದವಳು ಹಾಗೇ ಅಂಗಾತ ಮಲಗಿಬಿಟ್ಟಳು. ಕೌದಿಯ ಮೇಲೆ ಬೆನ್ನು, ಮೀನಿನ ಮೇಲೆ ತಲೆ.

ಕಿಟಕಿಯ ಇಳಿಬಿಸಿಲು ಕೆಂಪು ಪಟ್ಟೆಯಿಂದ ನೀಲಿ ಪಟ್ಟೆಗೆ ಸರಿಯುತ್ತಿತ್ತು. “ತೇಲಿದಂಗ ಆಗತೈತಿ” ಅಂದಳು, ಕಣ್ಣು ಮುಚ್ಚಿಕೊಂಡೇ. ನಾನೂ ಪಕ್ಕದಲ್ಲಿ ಉರುಳಿದೆ. ತುಂಬಿದ ಕಾಲುವೆಯ ಬಗ್ಗೆ, ಶಾಲೆಯ ಮಕ್ಕಳ ಬಗ್ಗೆ, ಒಮ್ಮೆಯಾದರೂ ನೋಡಬೇಕಾದ ಸಮುದ್ರದ ಬಗ್ಗೆ ಏನೇನೋ ಹೇಳಿದಳು. ಅವಳಿಗೆ ಸಮುದ್ರದ ಆಸೆ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. ಮಾತು ನಿಧಾನವಾಯಿತು. ನಿದ್ದೆ ಹೋದಳು. ಫೋಟೋದ ಬೆಕ್ಕಿನ ಹಾಗೆ, ಯಾರ ಕಣ್ಣಿಗೂ ಪಾಸಾಗುವ ಚಿಂತೆಯಿಲ್ಲದೆ.

ಅಷ್ಟರಲ್ಲಿ ಎದುರುಮನೆಯ ಶಾಂತಮ್ಮ ಬಾಗಿಲಲ್ಲಿ ಇಣುಕಿದರು. “ಏನ್ರೀ, ಜಮಖಾನ ಹಾಸೀರಿ? ಗಂಡಿನ ಕಡ್ಯಾರು ಬಂದಿದ್ರೇನು?”

ದೀಪ ಹಚ್ಚಲು ಬಂದ ಅತ್ತೆ ಮಗಳನ್ನೇ ನೋಡುತ್ತ ನಿಂತಿದ್ದರು. ಸುತ್ತಿಡು ಅನ್ನುತ್ತಾರೆಂದು ನಾನು ಗಡಬಡಿಸಿ ಎದ್ದು ಕೂತೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಕ ಮಾತಾಡವಾ ಶಾಂತವ್ವ. ನನ್ನ ಮಗಳು ಮಲಗ್ಯಾಳ. ಅಕಿ ಸಲುವಾಗೇ ಹಾಸೀವಿ.”

ಜಮಖಾನ ಇನ್ನೂ ಅಲ್ಲೇ ಇದೆ, ಮೀನಿನ ಸಮೇತ.

ಅಂದಹಾಗೆ, ನಿಮ್ಮ ಟ್ರಂಕಿನಲ್ಲಿರುವ ಜಮಖಾನ ಯಾರಿಗಾಗಿ ಕಾಯುತ್ತಿದೆ?