ಅಕ್ಷತೆಗೆ ನಿಲ್ಲುತ್ತಿದ್ದ ಯಂತ್ರ

ನನಗೆ ನೆನಪಿನ ಮೇಲೆ ನಂಬಿಕೆ ಕಡಿಮೆ, ಅದರಲ್ಲೂ ಅಂದವಾಗಿ ಹೇಳಿದ ನೆನಪಿನ ಮೇಲೆ. ಎಲ್ಲೂ ಸುಕ್ಕಿಲ್ಲದ ನೆನಪು ಕಿವಿಗೆ ಬಿದ್ದರೆ, ಇದನ್ನು ಯಾರೋ ಕೂತು ಇಸ್ತ್ರಿ ಮಾಡಿದ್ದಾರೆ ಎಂದು ಗುಮಾನಿ. ಈ ಚಟ ಹತ್ತಿದ್ದು ಹೊಟ್ಟೆಪಾಡಿನಿಂದ: ಯಂತ್ರ ಹೇಗೆ ಕೆಟ್ಟಿತೆಂದು ಜನ ಹೇಳುವುದೊಂದು, ಆಗಿರುವುದು ಇನ್ನೊಂದು. ಹುಬ್ಬಳ್ಳಿಯ ಆಫೀಸೊಂದರಲ್ಲಿ ಸರ್ವರುಗಳು ಮೂರ್ಛೆ ಹೋದಾಗ ನೀರು ಚಿಮುಕಿಸಿ ಎಬ್ಬಿಸುವುದು ನನ್ನ ಕೆಲಸ. ನೀರು ಎಂದದ್ದು ಮಾತಿಗೆ, ದಯವಿಟ್ಟು ಹಾಗೆ ಮಾಡಬೇಡಿ. ಸಂಶಿ ಎಂಬ ಊರಿನಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದರು.

ಸಂಶಿಯ ಬಸ್ ಸ್ಟ್ಯಾಂಡಿನ ಬಾಜೂ ನನ್ನ ಗೆಳೆಯ ಬಸಣ್ಣನ ಫೋಟೋ ಸ್ಟುಡಿಯೋ. ಮದುವೆ ವಿಡಿಯೋಗಳ ತುಣುಕು ಜೋಡಿಸಲಿಕ್ಕೆ ಅವನು ಹಳೆಯದೊಂದು ಸರ್ವರ್ ತಂದಿಟ್ಟಿದ್ದಾನೆ. ಎರಡು ಪ್ರೊಸೆಸರಿನ ಆಸಾಮಿ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ಒಂದು ಮುಂಜಾನೆ ಅವನ ಫೋನು ಬಂತು.

"ದೋಸ್ತಾ, ಇವತ್ತ ಸಂಜಿಕ ನಮ್ಮ ಓಣಿ ಬಸರಿ ನೀಲಾನ ಏಳನೇ ತಿಂಗಳ ಕುಬಸ. ಆಕಿ ಮದುವಿ ವಿಡಿಯೋನ ಇನ್ನೂ ಆಗಿಲ್ಲ."

"ಇನ್ನ ಸ್ವಲ್ಪ ತಡಿಲೇ, ತೊಟ್ಟಿಲದ್ದೂ ಕೂಡೇ ಕೊಡಬಹುದು."

"ಚಾಷ್ಟಿ ಬಿಡು. ಆಕಿ ಆಯಿ ಪಾರವ್ವ ಕಾಲು ಮುರಕೊಂಡು ಮದುವಿಗೇ ಹೋಗಿಲ್ಲ. ವಿಡಿಯೋ ನೋಡಬೇಕಂತ ದಿನಾ ಬಂದು ಅಂಗಡ್ಯಾಗ ಕೂಡ್ತಾಳ. ಈ ಮಷಿನ್ ನೋಡಿದ್ರ ಅಗದಿ ಅಕ್ಷತಿ ಬೀಳೂಮುಂದನ ಸಾಯ್ತದ."

ಹೋದೆ. ಅಜ್ಜಿ ಕೋಲು ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು. ಬಿಡಿ ತುಣುಕುಗಳನ್ನೇ ತೋರಿಸಲೇ ಎಂದರೆ ಒಪ್ಪಲಿಲ್ಲ. "ತುಂಡು ತುಂಡು ಮದುವಿ ಯಾರ ನೋಡ್ತಾರೋ ತಮ್ಮಾ? ಅರಿಶಿಣದಿಂದ ಚಾಲೂ ಆಗ್ಲಿ." ಆಮೇಲೆ ದನಿ ಇಳಿಸಿ, "ನನ್ನ ದೃಷ್ಟೀನ ತಾಗಿರಬೇಕು. ಎದ್ದು ಹೋಗ್ಲೇನು?" ಎಂದಳು. "ಕೂಡ್ರಿ ಆಯಿ," ಎಂದು ನಾನು ಕೀಬೋರ್ಡು ಎಳೆದುಕೊಂಡೆ.

ಎಲ್ಲರದೂ ಒಂದೇ ಸಾಕ್ಷಿ: ಯಾವಾಗಲೂ ಅಕ್ಷತೆಗೇ ನಿಲ್ಲುತ್ತದೆ. ಇಸ್ತ್ರಿಯ ವಾಸನೆ ಹಿಡಿಯಬೇಕಾದ ನಾನೂ ನಂಬಿಬಿಟ್ಟೆ. ಒಂದೇ ಜಾಗದಲ್ಲಿ ನಿಂತರೆ ಆ ತುಣುಕಿನಲ್ಲೇ ದೋಷ. ಮಧ್ಯಾಹ್ನದವರೆಗೆ ಅದನ್ನು ಕತ್ತರಿಸಿ ಅಂಟಿಸಿ, ಯಾರ ತಲೆಯ ಮೇಲೆ ಯಾವ ಅಕ್ಕಿಕಾಳು ಬಿತ್ತೆಂದು ಹೇಳುವಷ್ಟು ಪಂಡಿತನಾದೆ. ದೋಷ ಸಿಗಲಿಲ್ಲ. ಕೊನೆಗೆ ಕೈಕಟ್ಟಿ ಕೂತು ಸುಮ್ಮನೆ ನೋಡಿದೆ. ಪರದೆಯಲ್ಲಿ ಹಸಿರು ಗೆರೆಯೊಂದು ಸರಿಯುತ್ತದೆ, ಬಾಜೂ ನಡೆದಿರುವ ತುಣುಕಿನ ಹೆಸರು. ಮೊದಲ ಸಲ ಯಂತ್ರ ಸತ್ತದ್ದು ಬೀಗರ ಬಸ್ಸು ಬರುವಾಗ. ಮುಂದಿನ ಸಲ ಊಟದ ಸಾಲಿನಲ್ಲಿ, ಗೋಧಿ ಹುಗ್ಗಿ ಬಡಿಸುವಾಗ. ಅಕ್ಷತೆಯನ್ನು ಆರಾಮಾಗಿ ದಾಟಿತ್ತು! ಎಂದೋ ಒಮ್ಮೆ ಅಲ್ಲಿ ನಿಂತು ಎಲ್ಲರ ಎದೆ ಧಸಕ್ಕೆಂದಿರಬೇಕು. ಆ ಒಂದು ಸಲವೇ 'ಯಾವಾಗಲೂ' ಆಗಿ ಕೂತಿತ್ತು.

ನಿಲ್ಲುವ ಜಾಗ ಬದಲಾದರೆ ಸಂಶಯ ಮೆಮೊರಿಯ, ಅಂದರೆ ಯಂತ್ರದ ನೆನಪಿನ, ಮೇಲೆ. ಎರಡು ಪ್ರೊಸೆಸರಿನ ಯಂತ್ರವೆಂದರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಮನೆ. ಇಬ್ಬರ ಮಗ್ಗುಲಲ್ಲೂ ಅವರವರ ಮೆಮೊರಿ ಪಟ್ಟಿಗಳು, ಅವರವರ ಹಿಟ್ಟಿನ ಡಬ್ಬಿಗಳ ಹಾಗೆ. ಸಾಲದಿದ್ದರೆ ಗೋಡೆಯಾಚೆಯಿಂದ ಇಸಿದುಕೊಳ್ಳಬಹುದು. ಹೀಗಾಗಿ ಒಂದು ಡಬ್ಬಿಯಲ್ಲಿ ಹುಳ ಬಿದ್ದರೆ ಇವತ್ತು ಅಣ್ಣನಿಗೆ ಹೊಟ್ಟೆನೋವು, ನಾಳೆ ತಮ್ಮನಿಗೆ. ಅಣ್ಣನ ಪಟ್ಟಿಗಳನ್ನು ತಮ್ಮನ ಕಡೆ ಹಚ್ಚಿ ನೋಡಬೇಕು. ಬೇನೆ ಜೊತೆಗೇ ಹೋದರೆ ತಪ್ಪು ಪಟ್ಟಿಯದು, ಅಲ್ಲೇ ಉಳಿದರೆ ಮನೆಯದು.

ಇಷ್ಟೆಲ್ಲ ಶಾಸ್ತ್ರ ಬೇಕಾಗಲೇ ಇಲ್ಲ. ಮುಚ್ಚಳ ತೆಗೆದು ಒಂದು ಪಟ್ಟಿ ಎಳೆದರೆ ಕರೆಂಟು ಹರಿಯುವ ಅದರ ಬಂಗಾರಬಣ್ಣದ ಹಲ್ಲುಗಳ ಮೇಲೆ ವಿಭೂತಿ. ಇನ್ನೊಂದರ ಮೇಲೂ. ದಸರೆಯ ಆಯುಧ ಪೂಜೆ, ಖಂಡೆ ಪೂಜೆಯ ದಿನ ಪ್ರತಿಯೊಂದನ್ನೂ ಹೊರತೆಗೆದು, ಭಕ್ತಿಯಿಂದ ಮೂರು ಬೆರಳು ಎಳೆದು, ಮತ್ತೆ ಸಿಕ್ಕಿಸಿದ್ದರು.

"ಯಾರ ಹಚ್ಚಿದ್ದಿದು?"

"ಬಸ್ಯಾ ಹಚ್ಚ್ಯಾನ," ಎಂದಳು ಬಸಣ್ಣನ ತಾಯಿ ಗಂಗವ್ವ, ಚಹಾ ಸೋಸುತ್ತ.

"ಅವ್ವಾ, ಬರೇ ಮ್ಯಾಲಿನ ಡಬ್ಬಿಗೆ ಹಚ್ಚಿದ್ರ ಏನ್ ಬಂತು, ವಿಚಾರ ಮಾಡೂದು ಒಳಗಿಂದು ಅಂತ ನೀನ ಹಚ್ಚಿದಿ!"

"ನಾ ಅವತ್ತ ಅಂಗಡಿಗೇ ಬಂದಿಲ್ಲಲೇ."

ಇಬ್ಬರೂ ಪ್ರಾಮಾಣಿಕರು. ಇಬ್ಬರ ನೆನಪಿಗೂ ಗರಿಗರಿ ಇಸ್ತ್ರಿ.

"ನಿಮ್ಮ ದೃಷ್ಟಿ ಅಲ್ರಿ ಆಯಿ, ಇದು ಈಬತ್ತಿ ಕೆಲಸ," ಎಂದೆ. ಅಜ್ಜಿ ಸ್ಟೂಲನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿ, ಸಂದಿಗಳ ಬೂದಿಯನ್ನು ಬ್ರಶ್ಶಿನಿಂದ ತೆಗೆದೆ. "ಪೂರಾ ಅಳಸಬ್ಯಾಡಪಾ, ಒಂದಕ್ಕರ ಇರ್ಲಿ," ಎಂದು ಗಂಗವ್ವ ಬೇಡಿಕೊಂಡಳು. ಹೊರಗಿನ ಡಬ್ಬಿಗೆ ಹಚ್ಚಿಸಿ ರಾಜಿಯಾದೆವು. ಪಟ್ಟಿಗಳನ್ನು ಸಿಕ್ಕಿಸಿ ಚಾಲೂ ಮಾಡಿದರೆ ಹಸಿರು ಗೆರೆ ಬಸ್ಸು ದಾಟಿತು, ಅಕ್ಷತೆ ದಾಟಿತು. ಹುಗ್ಗಿ ದಾಟಿದಾಗ ಬಸಣ್ಣ ನನ್ನ ಬೆನ್ನಿಗೆ ಕೊಟ್ಟ ಗುದ್ದು ಇನ್ನೂ ನೆನಪಿದೆ. ಅದೊಂದನ್ನು ಬೇಕಾದರೆ ನಂಬಿ.

ಸಂಜೆ ನೀಲಾಳ ತವರಿನ ಪಡಸಾಲೆಯಲ್ಲಿ ಟಿವಿಗೆ ಹಚ್ಚಿದೆವು. ಅಕ್ಷತೆಯ ಹೊತ್ತಿಗೆ ಅಜ್ಜಿ ಸೆರಗಿನಿಂದ ಅಕ್ಕಿಕಾಳು ತೆಗೆದು ಟಿವಿಯ ಮೇಲೇ ಚೆಲ್ಲಿದಳು. ಹಸಿರು ಬಳೆ ತುಂಬಿದ ಕೈಯಿಂದ ಬಾಯಿ ಮುಚ್ಚಿಕೊಂಡು ನೀಲಾ ನಕ್ಕಳು. ಊಟದ ಸಾಲು ಬಂದಾಗ ಅಜ್ಜಿ ತಲೆಯಾಡಿಸಿ, "ಅವತ್ತ ಹುಗ್ಗಿಗೆ ಬೆಲ್ಲ ಕಡಿಮಿ ಆಗಿತ್ತು," ಎಂದಳು.

"ಹೌದಬೇ ಆಯಿ," ಎಂದಳು ನೀಲಾ.

ಯಾರೂ ತಿದ್ದಲಿಲ್ಲ. ತಿದ್ದೋಣವೆಂದು ನಾನು ಬಾಯಿ ತೆರೆದೆ, ಅಷ್ಟರಲ್ಲಿ ನೆನಪಾಯಿತು: ಆ ಮದುವೆಯಲ್ಲಿ ಅಜ್ಜಿ ನನ್ನ ಎದುರು ಸಾಲಿನಲ್ಲೇ ಊಟಕ್ಕೆ ಕೂತಿದ್ದಳು, ಬೆಲ್ಲ ಕೇಳಿ ಹಾಕಿಸಿಕೊಂಡಿದ್ದಳು. ನಾನೂ ಆ ಮದುವೆಗೆ ಹೋಗಿರಲಿಲ್ಲ.