ಬಿಳಿ ಮುಚ್ಚಳದ ಮುಲಾಮು

ನಾನು ಹುಟ್ಟಾ ಸಂಶಯದವಳು. ಹಾಲು ಮಾರುವವಳು ಕಣ್ಣೆದುರೇ ಅಳೆದು ಹಾಕಿದರೂ ಪಾತ್ರೆಯೊಳಗೆ ಬಗ್ಗಿ ನೋಡುವವಳು. ಎಪ್ಪತ್ತರ ದಶಕದಲ್ಲಿ ನೇಸರಗಿಯ ನಮ್ಮ ಓಣಿಗೆ ಡಾಕ್ಟರರೊಬ್ಬರು ಹೊಸ ಮುಲಾಮು ಪರೀಕ್ಷೆ ಮಾಡಲು ಬಂದಾಗ ನನಗೆ ಎರಡೂ ಮುಂಗೈ ಮೇಲೆ ಗಜಕರ್ಣ. ತಿಂಗಳೊಪ್ಪತ್ತಿನಲ್ಲಿ ರಾಮದುರ್ಗದವರು ಕನ್ಯೆ ನೋಡಲು ಬರುವವರಿದ್ದರು. ಹುಡುಗ ಸಾಲಿ ಮಾಸ್ತರ. ಬಳಗದ ಮದುವೆಯೊಂದರಲ್ಲಿ ನೋಡಿದ್ದೆ, ಮನಸ್ಸಿಗೆ ಬಂದಿದ್ದ. ಸುಳ್ಳೇಕೆ ಹೇಳಲಿ?

ಡಾಕ್ಟರರು ಎರಡು ಟ್ಯೂಬು ಕೊಟ್ಟರು. “ಕೆಂಪು ಮುಚ್ಚಳದ್ದು ಬಲಗೈಗೆ, ಬಿಳೀದು ಎಡಗೈಗೆ ಹಚ್ಕೋವಾ. ಒಂದರಾಗ ಔಷಧ ಐತಿ, ಇನ್ನೊಂದು ಬರೇ ಮುಲಾಮು. ಯಾವುದರಾಗ ಐತಿ ಅನ್ನೂದು ನನಗೂ ಗೊತ್ತಿಲ್ಲ.”

ಡಾಕ್ಟರಿಗೇ ಗೊತ್ತಿಲ್ಲವಂತೆ! ಯಾರ ಕಿವಿ ಮೇಲೆ ಹೂವು ಇಡುತ್ತಾರೆ? ಅವರು ಹೋದ ಮೇಲೆ ಅವ್ವನಿಗೆ ಹೇಳಿದೆ, “ತೊಳಕೊಳ್ಳೂ ಕೈಗೆ ಯಾರರೆ ಛಲೋ ಔಷಧ ಕೊಡ್ತಾರೇನವ್ವಾ? ಕೆಂಪಿದರಾಗನ ಐತಿ ತಗೋ.” ಅವ್ವನಿಗೂ ಹೌದೆನಿಸಿತು. ಊಟ, ಪೂಜೆ, ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಯದೇ. ಅಸಲಿ ಔಷಧ ಎಡಗೈಗೆ ಹೇಗೆ ಹೋದೀತು? ಕೆಂಪು ಟ್ಯೂಬನ್ನೇ ಎರಡೂ ಕೈಗೆ ಹಚ್ಚಿದೆ. ಬಿಳಿಯದನ್ನು ಜೋಳದ ಗಡಿಗೆಯಲ್ಲಿ ತುರುಕಿಟ್ಟೆ.

ಮೂರು ವಾರಕ್ಕೆ ಡಾಕ್ಟರರು ಮತ್ತೆ ಬಂದರು. ನನ್ನ ಎರಡೂ ಕೈ ಇದ್ದ ಹಾಗೇ ಇದ್ದವು.

“ಉಳಿದವ್ರಿಗೆ ಒಂದು ಕೈಯರೆ ಸ್ವಚ್ಛ ಆಗೈತಿ. ನಾ ಹೇಳಿದಂಗ ಹಚ್ಚೀಯೇನವಾ?”

“ಹೂಂರಿ, ಹೇಳಿದಂಗನ ಹಚ್ಚೇನ್ರಿ.”

“ಬಿಳಿ ಟ್ಯೂಬು ಎಲ್ಲೈತಿ?”

“ಇಲಿ ಒಯ್ತ್ರಿ.”

ಆ ಮನುಷ್ಯ ನಂಬಿಬಿಟ್ಟರು! ‘ಎರಡೂ ಕೈಗೆ ಗುಣವಿಲ್ಲ’ ಎಂದು ವಹಿಯಲ್ಲಿ ಬರೆದುಕೊಂಡರು.

ಅವತ್ತೇ ಗಡಿಗೆಗೆ ಕೈಹಾಕಿ ಬಿಳಿ ಟ್ಯೂಬು ತೆಗೆದು ಹಚ್ಚತೊಡಗಿದೆ. ತುರಿಕೆ ನಿಂತಿತು, ಕಲೆ ಮಾತ್ರ ಹೋಗಿರಲಿಲ್ಲ. ಎಂಟನೇ ದಿನ ರಾಮದುರ್ಗದವರು ಬಂದರು. ಚಹಾ ಕೊಡುವಾಗ ಕೈ ಮುಚ್ಚಿದ್ದ ಸೆರಗು ಜಾರಿತು. ಹುಡುಗನ ತಾಯಿ ನನ್ನ ಮುಂಗೈ ನೋಡಿ, ಚಹಾ ಮುಟ್ಟದೆ, “ಹೇಳಿ ಕಳಸ್ತೇವ್ರಿ” ಎಂದು ಎದ್ದರು.

ಮತ್ತೊಂದು ತಿಂಗಳಿಗೆ ಎರಡೂ ಕೈ ತಿಕ್ಕಿ ತೊಳೆದ ತಾಟಿನಂತಾದವು. ಅಷ್ಟರೊಳಗೆ ಮಾಸ್ತರನಿಗೆ ಬೈಲಹೊಂಗಲದ ಕನ್ಯೆ ಗಟ್ಟಿಯಾಗಿತ್ತು. ಎರಡು ದಿನ ಉಣ್ಣದೆ ಅತ್ತೆ. ಬೈಯಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಡಾಕ್ಟರರು ಕೊನೆಯ ಸಲ ವಹಿ ಹಿಡಿದು ಬಂದರು. “ಆ ಹುಡುಗಿದು ಹೆಂಗೈತ್ರಿ? ಅಕಿ ಒಬ್ಬಾಕಿಗೆ ಯಾಕ ಗುಣಾ ಆಗಲಿಲ್ಲ ಅಂತ ನನಗ ತಿಳೀವಲ್ದು” ಎಂದರು. ಅವ್ವ, “ಊರಿಗೆ ಹೋಗ್ಯಾಳ್ರಿ” ಎಂದಳು. ಸ್ವಚ್ಛವಾದ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ನಾನು ಕದದ ಹಿಂದೆ ನಿಂತಿದ್ದೆ.